ಮಾನ್ಯಖೇಟದ ಅಮೋಘವರ್ಷನು

ವಾಡಿಯಿಂದ ಚಿತ್ತಾಪುರದ ಮಾರ್ಗವಾಗಿ ಸೇಡಮಿಗೆ ರೈಲಿನಲ್ಲಿ ಹೋಗುವವರು ಮಳಖೇಡ ರೋಡ್ ಎಂಬ ನಿಲ್ದಾಣವನ್ನು ಕಂಡಿರುವರು. ಅಲ್ಲಿಂದ ಅನತಿದೂರದಲ್ಲಿ ಕಾಗಿಣಾ ಹೊಳೆಯ ದಡದಲ್ಲಿರುವ ಮಳಖೇಡವು ಈಗ ಹಾಳುಕೋಟೆಯುಳ್ಳ ಸಣ್ಣ ಊರಾದರೂ, ಪೂರ್ವದಲ್ಲಿ ಅದೇ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟ ಅರಸರ ರಾಜಧಾನಿಯಾಗಿತ್ತು. ಅಲ್ಲಿ ಆಳಿದವರೊಳಗೆ ನೃಪತುಂಗನೆಂಬ ಬಿರುದುಳ್ಳ ಅಮೋಘವರ್ಷನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಇವನ ತಂದೆಯಾದ ಮೂರನೆಯ ಗೋವಿಂದನು ಉತ್ತರ ದಕ್ಷಿಣ ದೇಶಗಳ ಅನೇಕ ಅರಸರನ್ನು ಜಯಿಸಿದವನು. ಅವನು 814ರಲ್ಲಿ ತೀರಿಹೋಗಲು, ರಾಜ್ಯವು ಇನ್ನೂ ಹುಡುಗನಾಗಿದ್ದ ಮಗನ ಪಾಲಿಗೆ ಬಂದಿತು. ತಂದೆಗೆ ತಲೆಬಾಗಿದ್ದ ಸಾಮಂತರು ಹುಡುಗನಿಗೆ ಅಂಜಲಿಲ್ಲ. ಅವರು ದಂಗೆಯೆದ್ದು ಅವನ ಅಧಿಕಾರವನ್ನು ಕಿತ್ತುಕೊಂಡರು. ಆಗ ಗುಜರಾತ ಸೀಮೆಯನ್ನು ಆಳುತ್ತಿದ್ದ ದಾಯಾದಿಯಾದ ಕರ್ಕನು ನಂಬಿಗಸ್ತನಾಗಿ ನಿಂತು, 821ರೊಳಗೆ ಅವನನ್ನು ತಿರಿಗಿ ಸಿಂಹಾಸನದ ಮೇಲೆ ಕೂರಿಸಿದನು.

ಆದರೂ ನೆಮ್ಮದಿ ದೊರೆಯಲಿಲ್ಲ. ಗಂಗವಾಡಿಯ ಅರಸರೊಡನೆ ಬಹುಕಾಲ ಯುದ್ಧವಾಯಿತು. ಸೇನಾಪತಿಯಾದ ಬಂಕೇಯನು ಅಲ್ಲಿ ಜಯಿಸುತ್ತ ಮುಂದುವರಿಯುತ್ತಿರುವಾಗ ರಾಜಧಾನಿಯ ಕಡೆಯಲ್ಲಿ ಕ್ಷೋಭೆಯುಂಟಾದ್ದರಿಂದ ಅರಸನು ಅವನನ್ನು ಹಿಂದಕ್ಕೆ ಕರೆಸಬೇಕಾಯಿತು. ದಂಗೆಗಾರರೊಡನೆ ರಾಜಕುಮಾರನೇ ಕೂಡಿದ್ದನೆಂದು ಕೊಣ್ಣೂರಿನ ಶಾಸನವು ತಿಳಿಸುತ್ತದೆ. ಬಂಕೇಯನು ಆ ದಂಗೆಯನ್ನು ಅಡಗಿಸಿದನು. ಕಡೆಗೆ ಅಮೋಘವರ್ಷನು ತನ್ನ ಮಗಳಾದ ಚಂದ್ರೊಬಲಬ್ಬೆಯನ್ನು ಗಂಗರ ರಾಜಕುಮಾರನಾದ ಬೂತುಗನಿಗೆ ವಿವಾಹಮಾಡಿಕೊಟ್ಟನು. ಕತ್ತಿಯಿಂದ ತೀರದ ವೈರವು ನೆಂಟಸ್ತಿಕೆಯಿಂದ ತೀರಿತು.

ಅವನ ಕೀರ್ತಿಯು ದೂರದೇಶಗಳಿಗೂ ಮುಟ್ಟಿತು. 851ರ ಒಂದು ಅರಬ್ಬೀ ವೃತ್ತಾಂತದಲ್ಲಿ ಬಗ್ದಾದಿನ ಖಲೀಫ, ಚೀನದ ದೊರೆ, ರೂಮಿನ ಚಕ್ರವರ್ತಿ ಇವರೊಂದಿಗೆ ಈ ರಾಷ್ಟ್ರಕೂಟ ಅರಸನೂ ಲೋಕದ ನಾಲ್ವರು ಮಹಾರಾಜರಲ್ಲಿ ಎಣಿಸಲ್ಪಟ್ಟಿದ್ದಾನೆ. ಈಗ ಉಳಿದಿರುವ ಕನ್ನಡ ಗ್ರಂಥಗಳಲ್ಲೆಲ್ಲಾ ಹಳೆಯದಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತು. ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನೂ ಅವನ ಕಾಲದವನೇ.

ಮತದ ವಿಷಯದಲ್ಲಿ ಅವನು ಜೈನಾಚಾರ್ಯನಾದ ಜಿನಸೇನನಿಗೆ ಶಿಷ್ಯನಂತೆ ನಡೆದುಕೊಂಡನು. ಆದರೂ ಅನ್ಯಮತದವರ ದೇವಸ್ಥಾನಗಳನ್ನು ಅಲಕ್ಷ್ಯಮಾಡಲಿಲ್ಲ. ಪ್ರಜೆಗಳಿಗೆ ದೊಡ್ಡ ಆಪತ್ತು ಬಂದಾಗ ಅದು ತೊಲಗಲೆಂದು ತನ್ನ ಎಡಗೈಯ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನದಲ್ಲಿ ಬರೆದಿದೆ. ಇಂಥ ಹರಕೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬೇರೆಯಾಗಿರಬಹುದು. ಆದರೆ ಪ್ರಜೆಗಳ ಸಂಕಟದಲ್ಲಿ ಪರರ ಶರೀರವನ್ನಲ್ಲ, ತನ್ನದನ್ನೇ ಕೊಟ್ಟ ಅರಸನ ಮನಸ್ಸನ್ನು ಯಾರು ಹಳಿದಾರು?

ರಾಜ್ಯಭಾರವನ್ನು ಬಿಟ್ಟು ಏಕಾಂತದಲ್ಲಿರುವುದೂ ಅವನಿಗೆ ಪ್ರಿಯವಾಗಿತ್ತು. ಸುಮಾರು 64 ವರ್ಷಗಳ ಆಳಿಕೆಯು 878ರ ಹೊತ್ತಿಗೆ ಮುಗಿದು, ಮಗನಾದ ಎರಡನೆಯ ಕೃಷ್ಣನು ಪಟ್ಟಕ್ಕೆ ಬಂದನು. 972ರಲ್ಲಿ ಮಾಳವದ ಸೀಯಕನು ಬಂದು ಮಾನ್ಯಖೇಟವನ್ನು ಸೂರೆಮಾಡಿದನು. ಅರಮನೆಯ ಐಶ್ವರ್ಯವು ಹೋಯಿತು. ಅಧಿಕಾರವನ್ನು ಸುಖಕ್ಕಾಗಿಯಲ್ಲ, ಹೊಣೆಗಾಗಿ ಹೊತ್ತವನ ಹೆಸರು ಮಾತ್ರ ಉಳಿದಿದೆ. ಮನೆಯಲ್ಲಾಗಲಿ ಊರಲ್ಲಾಗಲಿ ಹಿರಿತನವುಳ್ಳವರು ಇದನ್ನು ಆಲೋಚಿಸತಕ್ಕದ್ದು.