ಬಿದ್ದವರಿಗೂ ಬಾಗಿಲು ತೆರೆದ ಸಂತ ಸಿಪ್ರಿಯನ್

ಪ್ರತಿ ವರ್ಷ ಸೆಪ್ಟೆಂಬರ್ 16ರಂದು ನಾವು ಪೋಪ್ ಸಂತ ಕೊರ್ನೇಲಿಯಸ್ ಮತ್ತು ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ ಅವರನ್ನು ಒಟ್ಟಿಗೆ ಸ್ಮರಿಸುತ್ತೇವೆ. ಆದಿ ಕ್ರೈಸ್ತರೆಲ್ಲರೂ ಸಾವಿಗೆ ಅಂಜದ ಧೀರರು ಎಂದೇ ನಾವು ಭಾವಿಸುತ್ತೇವೆ. ಸಿಪ್ರಿಯನ್ ಅವರ ಕಾಲದ ಕಥೆ ಬೇರೆಯೇ ಇದೆ.

ಕಾರ್ಥೇಜ್ ಇಂದಿನ ಟುನೀಷಿಯಾ ದೇಶದಲ್ಲಿದ್ದ ದೊಡ್ಡ ರೋಮನ್ ಪಟ್ಟಣ. ಸಿಪ್ರಿಯನ್ ಅಲ್ಲಿ ಹೆಸರುವಾಸಿ ಭಾಷಣ ಕಲೆಯ ಶಿಕ್ಷಕರು, ಸ್ಥಿತಿವಂತರು. ನಡುವಯಸ್ಸಿನಲ್ಲಿ, ಸುಮಾರು 246ರಲ್ಲಿ, ಜ್ಞಾನಸ್ನಾನ ಪಡೆದು ಆಸ್ತಿಯ ಬಹುಪಾಲನ್ನು ಬಡವರಿಗೆ ಕೊಟ್ಟರು. ಎರಡು ಮೂರು ವರ್ಷಗಳಲ್ಲೇ ಜನ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಆರಿಸಿದರು. ಕೆಲವು ಹಿರಿಯ ಗುರುಗಳಿಗೆ ಇದು ಹಿಡಿಸಲಿಲ್ಲ.

250ರಲ್ಲಿ ಚಕ್ರವರ್ತಿ ಡೇಸಿಯಸನ ಆಜ್ಞೆ ಬಂತು. ಎಲ್ಲರೂ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿ, ಅಧಿಕಾರಿಗಳಿಂದ ಪತ್ರ ಪಡೆಯಬೇಕಿತ್ತು. ಕಾರ್ಥೇಜಿನ ಬಹಳಷ್ಟು ಕ್ರೈಸ್ತರು ಬಲಿ ಅರ್ಪಿಸಿಬಿಟ್ಟರು. ಕೆಲವರು ಬಲಿ ಅರ್ಪಿಸದೆ ಲಂಚ ಕೊಟ್ಟು ಪತ್ರ ಮಾತ್ರ ಪಡೆದರು. ಸಿಪ್ರಿಯನ್ ತಲೆಮರೆಸಿಕೊಂಡು, ಅಲ್ಲಿಂದಲೇ ಪತ್ರಗಳ ಮೂಲಕ ಸಭೆಯನ್ನು ನಡೆಸಿದರು. ರೋಮಿನಲ್ಲಿ ಪೋಪ್ ಫಾಬಿಯನ್ ಪ್ರಾಣ ಕೊಟ್ಟಿದ್ದಾಗ ಇವರು ಓಡಿಹೋದರಲ್ಲ ಎಂದು ಅಲ್ಲಿನ ಗುರುಗಳೇ ಆಕ್ಷೇಪಿಸಿದರು. ಆ ಮಾತು ಅವರಿಗೆ ನೋವು ತಂದಿರಲೇಬೇಕು.

251ರಲ್ಲಿ ಹಿಂದಿರುಗಿದಾಗ, ಬಿದ್ದವರು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕೂಡಲೇ ಸೇರಿಸಿಕೊಳ್ಳಿ ಎಂದು ಒಂದು ಗುಂಪು ಹೇಳಿತು. ರೋಮಿನ ನೊವೇಷಿಯನ್ ಎಂಬ ಗುರು ಸಾಯುವವರೆಗೂ ಸೇರಿಸಬಾರದೆಂದು ಹಟ ಹಿಡಿದು ಬೇರೆ ಪಂಗಡವನ್ನೇ ಕಟ್ಟಿದರು. ಸಿಪ್ರಿಯನ್ ಆಫ್ರಿಕದ ಧರ್ಮಾಧ್ಯಕ್ಷರ ಸಭೆ ಕರೆದರು. ಪತ್ರ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿ ಅರ್ಪಿಸಿದವರು ದೀರ್ಘ ಪ್ರಾಯಶ್ಚಿತ್ತ ಮಾಡುವುದು, ಪ್ರಾಯಶ್ಚಿತ್ತದಲ್ಲಿದ್ದವರಿಗೆ ಮರಣಶಯ್ಯೆಯಲ್ಲಿ ಕ್ಷಮೆ ನಿರಾಕರಿಸದಿರುವುದು ಎಂದು ತೀರ್ಮಾನವಾಯಿತು. ಹೊಸ ಹಿಂಸೆಯ ಸುಳಿವು ಸಿಕ್ಕಾಗ, ಪ್ರಾಯಶ್ಚಿತ್ತದಲ್ಲಿದ್ದವರನ್ನೂ ಸೇರಿಸಿಕೊಂಡರು. ಪರಮಪ್ರಸಾದದ ಬಲವಿಲ್ಲದೆ ಅವರನ್ನು ಪರೀಕ್ಷೆಗೆ ಕಳಿಸುವುದು ಅವರಿಗೆ ಸರಿ ಕಾಣಲಿಲ್ಲ.

ಅದೇ ಕಾಲದಲ್ಲಿ ಮಹಾಮಾರಿ ಬಂದಾಗ ಕ್ರೈಸ್ತರಲ್ಲದ ರೋಗಿಗಳಿಗೂ ಆರೈಕೆ ಏರ್ಪಡಿಸಿದರು. ನುಮಿಡಿಯದಲ್ಲಿ ಸೆರೆಸಿಕ್ಕವರನ್ನು ಬಿಡಿಸಲು 1,00,000 ಸೆಸ್ಟರ್ಸ್ ಸಂಗ್ರಹಿಸಿ ಕಳಿಸಿದರು. ಎಲ್ಲದರಲ್ಲೂ ಅವರದೇ ಸರಿ ಎನ್ನುವಂತಿಲ್ಲ. ಪಾಷಂಡಿಗಳು ಕೊಟ್ಟ ಜ್ಞಾನಸ್ನಾನ ಸಿಂಧುವಲ್ಲ ಎಂದು ಪೋಪ್ ಸ್ತೇಫನರೊಂದಿಗೆ ವಾದಿಸಿದರು, ಧರ್ಮಸಭೆ ಅದನ್ನು ಒಪ್ಪಲಿಲ್ಲ.

ಚಕ್ರವರ್ತಿ ವಲೇರಿಯನನ ಕಾಲದಲ್ಲಿ, 257ರಲ್ಲಿ, ಅವರನ್ನು ಕುರುಬಿಸ್ ಎಂಬ ಊರಿಗೆ ಗಡೀಪಾರು ಮಾಡಲಾಯಿತು. ಮರುವರ್ಷ ಮರಣದಂಡನೆ ಕಾದಿದ್ದಾಗ ಸ್ನೇಹಿತರು ಅಡಗಿಕೊಳ್ಳಲು ಬೇಡಿಕೊಂಡರೂ ಈ ಬಾರಿ ಅವರು ತಪ್ಪಿಸಿಕೊಳ್ಳಲಿಲ್ಲ. ತಮ್ಮ ಜನರ ಮುಂದೆ, ಕಾರ್ಥೇಜಿನಲ್ಲೇ ಸಾಯುವುದು ಅವರ ಇಚ್ಛೆಯಾಗಿತ್ತು. 258ರ ಸೆಪ್ಟೆಂಬರ್ 14ರಂದು ತೀರ್ಪಾಯಿತು. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಲು ಹೇಳಿ, ತಮ್ಮ ಕಣ್ಣಿಗೆ ತಾವೇ ಬಟ್ಟೆ ಕಟ್ಟಿಕೊಂಡರು. ವಿಶ್ವಾಸಿಗಳು ಅವರ ಮುಂದೆ ಬಟ್ಟೆಗಳನ್ನು ಹಾಸಿದ್ದರು. ರಾತ್ರಿ ಮೇಣದ ಬತ್ತಿ, ಪಂಜುಗಳನ್ನು ಹಿಡಿದು ಮೆರವಣಿಗೆಯಲ್ಲಿ ಅವರ ಪಾರ್ಥಿವ ಶರೀರವನ್ನು ಸಮಾಧಿಗೆ ಒಯ್ದರು.