ಬೆನ್ನುಮೂಳೆಯ ಬೆನ್ನು ಹತ್ತಿದ ಪಾಮರ್

ಬೆನ್ನು, ಕುತ್ತಿಗೆ ಹಿಡಿದು ಲಟಕ್ಕನೆ ತಿರುಗಿಸುವ ಕೈರೋಪ್ರಾಕ್ಟಿಕ್ ವಿಡಿಯೋಗಳನ್ನು ನೀವೂ ಮೊಬೈಲ್‌ನಲ್ಲಿ ನೋಡಿರುತ್ತೀರಿ. ಇದನ್ನು ಹುಟ್ಟುಹಾಕಿದವರು ಯಾರೆಂದು ಹುಡುಕಿದಾಗ ನನಗೆ ಸಿಕ್ಕವರು ಡೇನಿಯಲ್ ಡೇವಿಡ್ ಪಾಮರ್.

1845ರಲ್ಲಿ ಕೆನಡಾದಲ್ಲಿ ಹುಟ್ಟಿದ ಅವರು ಇಪ್ಪತ್ತರ ಹರೆಯದಲ್ಲಿ ಅಮೆರಿಕಕ್ಕೆ ಬಂದರು. ಶಾಲೆಯಲ್ಲಿ ಪಾಠ ಹೇಳಿದರು, ಜೇನು ಸಾಕಿದರು, ದಿನಸಿ ಅಂಗಡಿ ಇಟ್ಟರು. ಕೊನೆಗೆ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಕೈಯಿಂದಲೇ ರೋಗ ವಾಸಿಮಾಡುವವರೆಂದು ಹೆಸರಾದರು. ವೈದ್ಯ ಪದವಿ ಮಾತ್ರ ಇರಲಿಲ್ಲ.

1895ರ ಸೆಪ್ಟೆಂಬರ್‌ನಲ್ಲಿ ಆ ಕಟ್ಟಡದ ಕೆಲಸಗಾರ ಹಾರ್ವಿ ಲಿಲಾರ್ಡ್ ಅವರ ಬೆನ್ನಿನ ಉಬ್ಬಿದ ಮೂಳೆಯೊಂದನ್ನು ಒತ್ತಿ ಸರಿಪಡಿಸಿದಾಗ, ವರ್ಷಗಳಿಂದ ಕೇಳದಿದ್ದ ಕಿವಿ ಕೇಳಿಸಿತೆಂದು ಪಾಮರ್ ಹೇಳಿಕೊಂಡರು. ಜೀವಶಾಸ್ತ್ರ ಓದುವ ನಮಗೆ ಇಲ್ಲೇ ಅನುಮಾನ ಬರಬೇಕು. ಶ್ರವಣ ನರ ಕಿವಿಯಿಂದ ನೇರ ಮೆದುಳಿಗೆ ಹೋಗುತ್ತದೆ, ಬೆನ್ನಿಗೆ ಇಳಿಯುವುದೇ ಇಲ್ಲ!

ಪಾಮರ್ ಅನುಮಾನಿಸಲಿಲ್ಲ. ಶೇ. 95ರಷ್ಟು ರೋಗಗಳಿಗೆ ಜಾಗ ತಪ್ಪಿದ ಕಶೇರುಕಗಳೇ ಕಾರಣವೆಂದು ಸಾರಿದರು, 1897ರಲ್ಲಿ ಶಾಲೆ ತೆರೆದರು.

ನಮ್ಮ ನಾನಿಗೆ ಸ್ಪೈನಲ್ ಸ್ಟೆನೋಸಿಸ್ ಇದೆ. ಹತ್ತು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿಯುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ಹಗುರವಾಗುತ್ತದೆ. ಇಲ್ಲಿ ಮೂಳೆ ಜಾಗ ತಪ್ಪಿರಲೇಬೇಕೆಂದಿಲ್ಲ. ವಯಸ್ಸಾದಂತೆ ಡಿಸ್ಕ್ ಸವೆದು, ಕೀಲಿನ ಮೂಳೆ ಬೆಳೆದು, ಅಸ್ಥಿರಜ್ಜು ದಪ್ಪಗಾಗಿ ನರಗಳ ದಾರಿಯೇ ಕಿರಿದಾಗುತ್ತದೆ. ಬಾಗಿದಾಗ ಆ ದಾರಿ ತುಸು ಅಗಲವಾಗುತ್ತದೆ, ಅಷ್ಟೇ. ಕೈ ಚಿಕಿತ್ಸೆ, ವ್ಯಾಯಾಮಗಳಿಂದ ಕೆಲವರಿಗೆ ನೋವು ತಗ್ಗುವುದು ನಿಜ, ಬೆಳೆದ ಮೂಳೆ ಮಾತ್ರ ಕರಗದು. ಕುತ್ತಿಗೆಯಲ್ಲೇ ಬೆನ್ನುಹುರಿ ಒತ್ತಿಹೋಗಿದ್ದರೆ ಲಟಕ್ಕನೆ ತಿರುಗಿಸುವುದು ಅಪಾಯ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೇ ಓಡಬೇಕು.

1906ರಲ್ಲಿ, ಪರವಾನಗಿ ಇಲ್ಲದೆ ವೈದ್ಯ ಮಾಡಿದರೆಂದು ಪಾಮರ್‌ಗೆ ಶಿಕ್ಷೆಯಾಯಿತು. ದಂಡ ಕಟ್ಟಲು ಒಪ್ಪದೆ ಜೈಲು ಸೇರಿದ ಹಟವಾದಿ, ಕೆಲ ದಿನಗಳ ಮೇಲೆ ಕಟ್ಟಿಯೇ ಹೊರಬಂದರು. ಶಾಲೆ ಮಗ ಬಿ. ಜೆ. ಪಾಮರ್ ಕೈಗೆ ಹೋಯಿತು, ತಂದೆ-ಮಗನ ನಡುವೆ ಮನಸ್ತಾಪ ಬೆಳೆಯಿತು. 1913ರಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಡೇವನ್‌ಪೋರ್ಟ್‌ನ ಆ ಶಾಲೆ ಕಾಲೇಜಾಗಿ ಈಗಲೂ ನಡೆಯುತ್ತಿದೆ.