ಸೀರಾಂಪುರದ ಕೇರಿಯವರು

ವಿಲಿಯಂ ಕೇರಿಯವರು ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಂದ ಪಂಡಿತರೆಂಬುದನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಆದರೆ ಅವರು ಕೈಹಾಕಿದ ಕೆಲಸಗಳು ಎಷ್ಟು ಸಾರಿ ಕೆಟ್ಟುಹೋದವೆಂಬುದನ್ನು ಬಲ್ಲವರು ಕಡಿಮೆ. ಆ ಭಾಗವನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ.

ಇವರು 1761ರಲ್ಲಿ ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿದರು. ಪಾದರಕ್ಷೆ ಹೊಲಿಯುವುದನ್ನು ಕಲಿತರು. ಆ ಕಸಬಿನಿಂದ ಸಂಸಾರದ ಹೊಟ್ಟೆ ತುಂಬಲಿಲ್ಲ. ಮೌಲ್ಟನ್ ಗ್ರಾಮದಲ್ಲಿ ಶಾಲೆಯಿಟ್ಟರು. ಹುಡುಗರನ್ನು ಹತೋಟಿಯಲ್ಲಿಡಲಾರದೆ ಹೋದರು. 1785ರಲ್ಲಿ ಓಲ್ನಿಯ ಸಭೆಯವರು ಇವರ ಪ್ರಸಂಗವನ್ನು ಕೇಳಿ, ಬೋಧಕನಾಗಿ ಕಳುಹಿಸಲು ಕೂಡಲೆ ಒಪ್ಪದೆ, ಇನ್ನೂ ಸ್ವಲ್ಪಕಾಲ ಪರೀಕ್ಷಿಸಬೇಕೆಂದು ನಿಶ್ಚಯಿಸಿದರು. ಕೇರಿಯವರು ಮುನಿಸಿಕೊಳ್ಳದೆ ಅಭ್ಯಾಸವನ್ನು ಮುಂದುವರಿಸಿದ್ದರಿಂದ ಮರುವರುಷ ಅನುಮತಿ ದೊರೆಯಿತು.

1793ರಲ್ಲಿ ಅವರು ಬಂಗಾಳಕ್ಕೆ ಬಂದರು. ಜೀವನಕ್ಕಾಗಿ ಮದನಬಾಟಿಯಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಣೆ ವಹಿಸಿಕೊಂಡರು. ನೆರೆ ಬಂದು ಬೆಳೆ ಹಾಳಾಯಿತು. ಅವರ ಚಿಕ್ಕ ಮಗನು ಅಲ್ಲಿಯೇ ತೀರಿಕೊಂಡನು, ಹೆಂಡತಿಗೆ ಬುದ್ಧಿಭ್ರಮಣೆಯಾಯಿತು. ಏಳು ವರುಷಗಳ ವರೆಗೆ ಆ ದೇಶದವರಲ್ಲಿ ಒಬ್ಬನಾದರೂ ದೀಕ್ಷಾಸ್ನಾನ ಹೊಂದಲಿಲ್ಲ. 1800ನೆಯ ಇಸವಿಯ ಕೊನೆಯಲ್ಲಿ ಬಡಗಿಯಾದ ಕೃಷ್ಣಪಾಲನು ಮೊದಲನೆಯವನಾದನು.

ಹಾಗಾದರೆ ಮದನಬಾಟಿಯ ವರುಷಗಳು ವ್ಯರ್ಥವಾದವೋ? ನಾವು ಹಾಗೆ ಎಣಿಸುವುದಿಲ್ಲ. ಪಂಡಿತರ ಮಾತು ಬೇರೆ, ಹೊಲದಲ್ಲಿ ದುಡಿಯುವವನ ಮಾತು ಬೇರೆ ಎಂಬುದನ್ನು ಕೇರಿಯವರು ಅಲ್ಲಿ ಕಂಡುಕೊಂಡರು. ಅವರು ಸೀರಾಂಪುರಕ್ಕೆ ಹೋಗಿ ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗಾರರೊಂದಿಗೆ 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿದಾಗ, ಅದರ ಮೊದಲ ಪ್ರತಿ ಆ ಹಳ್ಳಿಯಲ್ಲಿಯೇ ಸಿದ್ಧವಾಗಿತ್ತು. ಆ ಭಾಷಾಂತರದಲ್ಲಿ ಕುಂದುಗಳು ಬಹಳ. ಅವರು ಅವುಗಳನ್ನು ಮುಚ್ಚಿಡದೆ ಪುನಃ ತಿದ್ದಿದರು, ಮತ್ತೂ ತಿದ್ದಿದರು.

1812ನೆಯ ಇಸವಿ ಮಾರ್ಚಿ 11ರ ಸಾಯಂಕಾಲ ಸೀರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ವಾರ್ಡರು ಬಾಗಿಲು ಕಿಟಕಿಗಳನ್ನೆಲ್ಲಾ ಮುಚ್ಚಿಸಿ, ಗಾಳಿಯಿಲ್ಲದಂತೆ ಮಾಡಿ ಬೆಂಕಿಯನ್ನು ಅಡಗಿಸಲು ಯತ್ನಿಸುತ್ತಿದ್ದರು. ಅಷ್ಟರಲ್ಲಿ ಯಾರೋ ಕಿಟಕಿಯೊಂದನ್ನು ತೆರೆದುಬಿಟ್ಟರು; ಜ್ವಾಲೆಯು ಕಟ್ಟಡವನ್ನೆಲ್ಲಾ ನುಂಗಿತು. ನಷ್ಟವು ಸುಮಾರು 70,000 ರೂಪಾಯಿ. ಕಾಗದವೂ ಅಚ್ಚಿನ ಮೊಳೆಗಳೂ ಹೋದವು. ಹಣದಿಂದ ಅವುಗಳನ್ನು ತಿರುಗಿ ಪಡೆಯಬಹುದಾಗಿತ್ತು. ಆದರೆ ಕೈಬರಹಗಳು? ಅನೇಕ ಭಾಷೆಗಳ ಶಬ್ದಗಳನ್ನು ಕೂಡಿಸಿದ್ದ ದೊಡ್ಡ ನಿಘಂಟು, ತೆಲುಗು ವ್ಯಾಕರಣ, ಮತ್ತು ನಮ್ಮ ಕನ್ನಡದ ಹೊಸ ಒಡಂಬಡಿಕೆಯ ಬರಹ ಸುಟ್ಟು ಬೂದಿಯಾದವು.

ಕೇರಿಯವರು ಆಗ ಕಲ್ಕತ್ತೆಯ ಕಾಲೇಜಿನಲ್ಲಿದ್ದರು. ಮಾರ್ಷ್‌ಮನ್ನರು ಮರುದಿನ ಹೋಗಿ ಸುದ್ದಿಯನ್ನು ಮುಟ್ಟಿಸಿದರು. ಬಂದು ಬೂದಿಯನ್ನು ನೋಡಿದಾಗ ಅವರ ಕಣ್ಣುಗಳಲ್ಲಿ ನೀರು ತುಂಬಿತು. ಆದರೂ ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಾರಿ ಹೋಗುವವನು ಹೆಚ್ಚು ಸುಲಭವಾಗಿಯೂ ನಿಶ್ಚಯವಾಗಿಯೂ ಹೋಗುತ್ತಾನೆಂದು ಅವರು ಭಾವಿಸಿದರು. ಇದು ಬರೀ ಸಮಾಧಾನದ ಮಾತಲ್ಲ. ಬಂಗಾಳಿಯನ್ನು ಹನ್ನೊಂದು ವರುಷ ತಿದ್ದಿ ತಿದ್ದಿ ಕಂಡಿದ್ದ ಅನುಭವ. ಹಿಂದೆ ಸೋಲದಿದ್ದವನಿಗೆ ಆ ಧೈರ್ಯ ಬರುತ್ತಿತ್ತೆಂದು ನಮಗೆ ತೋರುವುದಿಲ್ಲ.

ಬೂದಿಯನ್ನು ಕೆದಕಿದಾಗ ಅಕ್ಷರಗಳ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕಿದವು. ಕರಗಿದ ಲೋಹದಿಂದಲೇ ಹೊಸ ಮೊಳೆಗಳನ್ನು ಎರಕಹೊಯ್ದು, ಪಕ್ಕದ ಉಗ್ರಾಣದಲ್ಲಿ ಕೆಲಸವನ್ನು ಆರಂಭಿಸಿದರು. ಇಂಗ್ಲೆಂಡಿನ ಸಭೆಗಳವರು ಸಹಾಯಕ್ಕಾಗಿ ಹಣ ಕೂಡಿಸಿದರು.

ಇವರು ಮುಗಿಸಿದ್ದೆಲ್ಲವೂ ಚೆನ್ನಾಗಿತ್ತೆಂದು ನಾವು ಹೇಳಲಾರೆವು. ದೂರದಲ್ಲಿ ಕುಳಿತು, ಜನರ ಬಾಯಿಂದ ಕೇಳದೆ ಮಾಡಿದ ಅನೇಕ ಭಾಷಾಂತರಗಳು ಬಾಳಲಿಲ್ಲ. ಕನ್ನಡದ ಕೆಲಸವನ್ನು ಬಳ್ಳಾರಿಯಲ್ಲಿ ಜನರ ನಡುವೆ ವಾಸಿಸಿದ ಹ್ಯಾಂಡ್ಸರಂಥವರು ಹೆಚ್ಚು ಚೆನ್ನಾಗಿ ನಡಿಸಿದರು. ಆದರೂ ಕೇರಿಯವರ ಕರ್ಣಾಟ ಭಾಷೆಯ ವ್ಯಾಕರಣವು ಬೆಂಕಿಯಾದ ಐದು ವರುಷಗಳ ತರುವಾಯ, 1817ರಲ್ಲಿ, ಅದೇ ಸೀರಾಂಪುರದಿಂದ ಅಚ್ಚಾಗಿ ಹೊರಟಿತು. ಬಂಗಾಳಿ ಹೊಸ ಒಡಂಬಡಿಕೆಯ ಎಂಟನೆಯ ತಿದ್ದುಪಡಿಯನ್ನು ಅವರು 1832ರಲ್ಲಿ ಮುಗಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. 1834ನೆಯ ಇಸವಿ ಜೂನ್ 9ರಂದು ಸೀರಾಂಪುರದಲ್ಲಿಯೇ ತೀರಿಹೋದರು.